ಟೊಂಕ ಬಿಟ್ಟ ದಿನ

ಕಣ್ಣು ಬಿಟ್ಟ ಕೂಡಲೇ ಬೀರಣ್ಣನಿಗೆ ಮನೆಯಲ್ಲಿ ಏನೋ ಕಳುವಾಗಿದೆ ಅನ್ನಿಸಿತು. ಕತ್ತೆತ್ತಿ ನೋಡಿದ. ಗೂಟಕ್ಕೆ ಕಂಬಳಿ ತೂಗುತ್ತಿತ್ತು, ಮೂಲೆಯಲ್ಲಿ ಉಣ್ಣೆಯ ಗಂಟಿತ್ತು, ಒಲೆಯ ಮುಂದೆ ಹೆಂಡತಿ ಮಲಕಮ್ಮ ಅವನಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಇದ್ದಲ್ಲೇ ಇತ್ತು. ಇಲ್ಲದ್ದು ಟೊಂಕದ ನೋವೊಂದೇ. ಎಡಕ್ಕೆ ಹೊರಳಿ ಹುಡುಕಿದ, ಸಿಗಲಿಲ್ಲ. ಬಲಕ್ಕೆ ಹೊರಳಿದ, ಅಲ್ಲೂ ಇಲ್ಲ. ಹೊದಿಕೆಯೊಳಗೇ ಮೊಣಕಾಲು ಮಡಚಿ ಎದೆಗೆ ತಂದು, ಅದು ಸದಾ ಕೂತಿರುತ್ತಿದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬರಿಯ ಮಾಂಸ, ಬರಿಯ ಎಲುಬು. ಹಬ್ಬಕ್ಕೆಂದು ಬಂದು, ಹೋಳಿಗೆ ತಿಂದು, ಮುಂದಿನ ಹಬ್ಬ ಬಂದರೂ ಹೊರಡುವ ಮಾತೆತ್ತದ ಬೀಗನ ಹಾಗೆ ಇಷ್ಟು ವರ್ಷ ಠಿಕಾಣಿ ಹೂಡಿದ್ದ ನೋವು ಹೇಳದೆ ಕೇಳದೆ ಎದ್ದು ಹೋಗಿತ್ತು. ಇನ್ನೊಬ್ಬನಾಗಿದ್ದರೆ ಎದ್ದು ಕುಣಿಯುತ್ತಿದ್ದ, ಬೀರದೇವರಿಗೆ ಕಾಯಿ ಒಡೆಯುತ್ತಿದ್ದ. ಬೀರಣ್ಣನ ಎದೆ ಮಾತ್ರ ಧಸಕ್ಕೆಂದಿತು. ನಾಡಿದ್ದು ಕುರಿ ಹೊಳೆ ದಾಟುವುದಿತ್ತು.

ದೀಪಾವಳಿ ಆಯಿತೆಂದರೆ ಅವನದೂ ಅಣ್ಣ ಬಸವಂತರಾಯನದೂ ಕೂಡು ಹಿಂಡು, ಶಹಾಪುರದ ಗುಡ್ಡದ ಸೆರಗಿನಲ್ಲಿರುವ ಈ ಊರು ಬಿಟ್ಟು, ಕೃಷ್ಣೆ ದಾಟಿ, ರಾಯಚೂರು ಸೀಮೆಯ ಎರೆಹೊಲಗಳಿಗೆ ಮೇಯಲು ಹೋಗುತ್ತಿತ್ತು. ತಿರುಗಿ ಬರುವುದು ಕಾರಹುಣ್ಣಿಮೆಯ ಹೊತ್ತಿಗೆ. ಗಂಡಸರು ಕುರಿಯ ಹಿಂದೆ, ಹೆಂಗಸರು ಒಲೆಯ ಮುಂದೆ, ಇದು ಅಪ್ಪನ ಅಪ್ಪನ ಕಾಲದಿಂದ ಬಂದ ಪದ್ಧತಿ. ಹೊಳೆಯ ನಡುನೀರಿನಲ್ಲಿ ಸೋತ ಟಗರೊಂದನ್ನು ಹೆಗಲಿಗೆತ್ತಲು ಹೋಗಿ ಟೊಂಕ ಕಳಕ್ ಅಂದ ವರ್ಷದಿಂದ ಬೀರಣ್ಣನೊಬ್ಬ ಆ ಪದ್ಧತಿಗೆ ಹೊರಗಾದ. ಮನೆಯಲ್ಲಿ ಕೂತು ಉಣ್ಣೆ ನೂತ, ಕಂಬಳಿ ನೇಯ್ದ. ದೂರದಲ್ಲೆಲ್ಲೋ ಲಡಾಯಿ ನಡೆದಿದೆ, ಪಲ್ಟನ್ನಿಗೆ ಕಂಬಳಿ ಬೇಕು ಎಂದು ಸಾಹುಕಾರರು ಮನೆ ಬಾಗಿಲಿಗೇ ಬರುತ್ತಿದ್ದುದರಿಂದ ಕೂತು ತಿನ್ನುತ್ತಾನೆ ಎಂಬ ಮಾತೂ ಬರಲಿಲ್ಲ. ಎಲ್ಲರೂ ಅಯ್ಯೋ ಪಾಪ ಅಂದರು. ಅವನೂ ಮುಖ ಸಣ್ಣ ಮಾಡಿಕೊಂಡು ಏನು ಮಾಡೂದ್ರಿ, ಹಣೇಬರಹ ಅಂದ. ಒಳಗಿನ ಮಾತು ಬೇರೆಯೇ ಇತ್ತು. ಮನೆ ಅವನಿಗೆ ರುಚಿ ಹತ್ತಿಬಿಟ್ಟಿತ್ತು.

ಹಂಚಿನಿಂದ ನೇರ ತಾಟಿಗೆ ಬೀಳುವ ರೊಟ್ಟಿಯ ರುಚಿ ಮಾತ್ರವಲ್ಲ ಅದು. ಮಲಕಮ್ಮ ಬೆಳಗಾಗೆದ್ದು ಒಲೆಯನ್ನು ಬೈಯುತ್ತಾಳೆ, ಸಂಜೆ ಅದೇ ಒಲೆಗೆ ಕೈಮುಗಿಯುತ್ತಾಳೆ. ಹಾವಿಗೆ ಹೆದರದವಳು ಹಲ್ಲಿಗೆ ಹೆದರುತ್ತಾಳೆ. ಉಣ್ಣೆ ಹಿಂಜುತ್ತ ಕೂತರೆ ಊರ ಹೆಂಗಸರ ನಡಿಗೆ, ನುಡಿ ಒಂದೊಂದನ್ನೂ ಬಿಡಿಸಿ ಹೇಳುತ್ತಾಳೆ. ಇದೆಲ್ಲ ಅವನಿಗೆ ಗೊತ್ತಾದದ್ದು ಟೊಂಕ ಹಿಡಿದ ಮೇಲೆ. ಅದಕ್ಕೆ ಮೊದಲು ಅವಳ ಬಗ್ಗೆ ಅವನಿಗೆ ಗೊತ್ತಿದ್ದದ್ದೇನು? ಲಗ್ನವಾದ ಮೇಲೆ ಅವಳ ಜೊತೆ ಕಳೆದದ್ದಕ್ಕಿಂತ ಟಗರಿನ ಜೊತೆ ಕಳೆದದ್ದೇ ಹೆಚ್ಚು. ಮಗಳು ಹುಟ್ಟಿದಾಗ ಅವನು ಹೊಳೆಯಾಚೆ ಇದ್ದ. ತಿರುಗಿ ಬಂದಾಗ ಮಗು ಗೋಡೆ ಹಿಡಿದು ನಿಂತಿತ್ತು, ಅವನ ಗಡ್ಡ ನೋಡಿ ಕಿಟಾರನೆ ಕಿರುಚಿ ತಾಯಿಯ ಸೀರೆಯಲ್ಲಿ ಮುಖ ಮುಚ್ಚಿತ್ತು. ಈಗ ಆ ಮಗಳು ಸುರಪುರದ ಸೊಸೆ. ಅವಳು ಬೆಳೆದದ್ದನ್ನು ಅವನು ಕಾರಹುಣ್ಣಿಮೆಯಿಂದ ಕಾರಹುಣ್ಣಿಮೆಗೆ ಕಂಡವನು. ಕಳೆದದ್ದು ಕಳೆಯಿತು, ಇನ್ನು ಉಳಿದದ್ದನ್ನಾದರೂ ಇವಳ ಹತ್ತಿರ ಕೂತು ಕಳೆಯಬೇಕು ಎಂಬ ಆಸೆ. ಆದರೆ ಅದನ್ನು ಹೇಳುವುದು ಹೇಗೆ? ಹೆಂಡತಿಯನ್ನು ಬಿಟ್ಟಿರಲು ಆಗುವುದಿಲ್ಲ, ಅದಕ್ಕೇ ಕುರಿಯ ಹಿಂದೆ ಬರುವುದಿಲ್ಲ ಎಂದು ಅವರ ವಂಶದಲ್ಲಿ ಇವತ್ತಿನವರೆಗೆ ಯಾವ ಗಂಡಸೂ ಅಂದಿರಲಿಲ್ಲ. ಅಂದಿದ್ದರೆ ಕುರಿಗಳೂ ನಗುತ್ತಿದ್ದವು. ಟೊಂಕ ನೋಯುತ್ತದೆ ಅನ್ನಬಹುದು. ಗಂಡಸಿಗೂ ಟೊಂಕವಿದೆ, ಅದಕ್ಕೆ ನೋಯುವ ಹಕ್ಕಿದೆ. ಈಗ ಆ ಹಕ್ಕೂ ಹೋಯಿತಲ್ಲ!

ಮತ್ತೆ ಇನ್ನೊಂದು ಭಯ, ಮೊದಲಿನದಕ್ಕಿಂತ ನಾಚಿಕೆಗೇಡಿನದು. ನೋವಿಲ್ಲದಿದ್ದರೆ ಅವಳು ತನ್ನ ಹತ್ತಿರ ಬರುವುದಾದರೂ ಯಾಕೆ? ಸಂಜೆ ದೀಪ ಹಚ್ಚುವ ಹೊತ್ತಿಗೆ ಔಡಲೆಣ್ಣೆ ಬಿಸಿ ಮಾಡಿ, ಎಕ್ಕದ ಎಲೆ ಕಾಸಿ, ಬೋರಲು ಮಲಗಿದ ಅವನ ಟೊಂಕಕ್ಕೆ ತಿಕ್ಕುತ್ತ ಅವಳು ಮಾತಾಡುವ ಹೊತ್ತು ಇಡೀ ದಿನದಲ್ಲಿ ಅವನದೇ ಆದ ಹೊತ್ತು. ಆ ನೋವನ್ನು ಅವನಿಗಿಂತ ಅವಳು ಚೆನ್ನಾಗಿ ಬಲ್ಲವಳಾಗಿದ್ದಳು. ಅವನು ಕೂರಲು ಬಾಗಿದರೆ ಸಾಕು, ಆಚೆ ಕೋಣೆಯಲ್ಲಿದ್ದರೂ ‘ಯವ್ವಾ’ ಎಂದು ಅವಳು ನರಳುತ್ತಿದ್ದಳು, ಬಾಗಿದ್ದು ತಾನೇ ಎಂಬಂತೆ. ಬೇರೆಯವರು ನಂಬದಿದ್ದಾಗ ಅವಳು ನಂಬಿದ್ದಳು. ಒಮ್ಮೆ ಶಹಾಪುರದ ಸಂತೆಯಲ್ಲಿ ಅವನು ಮರೆತು ಕುರಿಯೊಂದನ್ನು ಎತ್ತಿಬಿಟ್ಟದ್ದನ್ನು ಕಂಡ ಅತ್ತಿಗೆ ಅಯ್ಯಮ್ಮ, ‘ಮೈದುನಗ ಸಂತ್ಯಾಗ ಟೊಂಕ ಇರೂದಿಲ್ಲ, ಮನ್ಯಾಗ ಇರ್ತದ’ ಎಂದು ಬಾವಿಕಟ್ಟೆಯಲ್ಲಿ ಆಡಿ ನಗಿಸಿದ್ದಳಂತೆ. ಮಲಕಮ್ಮ ಕೊಡ ಕೆಳಗಿಟ್ಟು ಅಲ್ಲೇ ಜಗಳ ತೆಗೆದಿದ್ದಳು. ಅಂಥವಳಿಗೆ ಇವತ್ತು ಸುಳ್ಳು ಹೇಳುವುದೇ? ಛೇ ಛೇ ಅಂದುಕೊಂಡ. ಅಂದುಕೊಳ್ಳುತ್ತಲೇ ಬಲಗೈಯನ್ನು ಟೊಂಕಕ್ಕೆ ಕೊಟ್ಟು, ಮುಖ ಕಿವುಚಿ, ‘ಹಾ... ಶಿವನೇ’ ಎಂದು ಎದ್ದು ಕೂತ.

ನರಳಿಕೆ ಸ್ವಲ್ಪ ಜೋರಾಯಿತೇನೋ. ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು. ಮಲಕಮ್ಮ ತಿರುಗಿ ನೋಡಿದಳು, ಅವನ ಮುಖ ನೋಡಿದಳು, ಕೈ ನೋಡಿದಳು, ಮತ್ತೆ ಒಲೆಯ ಕಡೆ ತಿರುಗಿದಳು.

‘ನೀರು ಕಾದಾವ, ಮಾರಿ ತೊಳಕೊಳ್ರಿ’ ಅಂದಳು. ಅಷ್ಟೇ. ಯವ್ವಾ ಇಲ್ಲ, ಶಿವನೇ ಇಲ್ಲ.

ಬೀರಣ್ಣ ಗೋಡೆ ಹಿಡಿದು ಎದ್ದ. ಹಿಡಿಯುವ ಅಗತ್ಯವಿಲ್ಲದೆ ಗೋಡೆ ಹಿಡಿಯುವುದು ಎಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಕಾಲು ತಾನಾಗಿ ಮುಂದೆ ಓಡುತ್ತದೆ, ಅದನ್ನು ಎಳೆದು ನಿಲ್ಲಿಸಬೇಕು. ಬಚ್ಚಲಲ್ಲಿ ಬಾಗುವಾಗ ಸುಯ್ಯೆಂದು ಉಸಿರೆಳೆಯುವುದು ಮರೆತೇಹೋಗಿ, ಬಾಗಿ ಆದ ಮೇಲೆ ನೆನಪಾಗಿ, ಮತ್ತೆ ನೆಟ್ಟಗಾಗಿ ಇನ್ನೊಮ್ಮೆ ಸರಿಯಾಗಿ ಬಾಗಿದ. ಥೂ ನಿನ್ನ, ಬಯಲಾಟದ ಪಾತ್ರದವನೂ ಇಷ್ಟು ಕೆಟ್ಟದಾಗಿ ಮಾಡುವುದಿಲ್ಲ ಎಂದು ತನ್ನನ್ನೇ ಬೈದುಕೊಂಡ. ಮತ್ತೆ ಮತ್ತೆ ಬಾಗಿಲ ಕಡೆ ಕಿವಿಗೊಟ್ಟ. ಅವಳು ಯಾಕೆ ನರಳಲಿಲ್ಲ? ಬೇಸತ್ತಿದ್ದಾಳೆಯೇ? ಇಷ್ಟು ವರ್ಷ ಒಬ್ಬರ ಟೊಂಕಕ್ಕೆ ಎಣ್ಣೆ ತಿಕ್ಕಿದರೆ ಯಾರಿಗಾದರೂ ಬೇಸರ ಬಾರದೆ ಇರುತ್ತದೆಯೇ, ಅದು ಎಮ್ಮೆಯಲ್ಲ, ತಿಕ್ಕಿದ್ದಕ್ಕೆ ಹಾಲು ಕೊಡಲು. ಅವನು ಮುಖ ಒರೆಸಿಕೊಂಡು ಬಂದು ತಾಟಿನ ಮುಂದೆ ಕೂತ. ರೊಟ್ಟಿ ಇತ್ತು, ಪುಂಡಿಪಲ್ಯ ಇತ್ತು, ಅವಳ ಮಾತು ಮಾತ್ರ ಇರಲಿಲ್ಲ. ಅಷ್ಟು ಹೊತ್ತಿಗೆ ಅಂಗಳದಿಂದ ಅಣ್ಣನ ದನಿ ಬಂತು.

‘ಲೇ ಬೀರ್ಯಾ, ಎದ್ದೀಯೇನಲೇ?’

ಬಸವಂತರಾಯ ಎತ್ತರದ ಮನುಷ್ಯ. ದನಿ ಇನ್ನೂ ಎತ್ತರ. ಬಯಲಲ್ಲಿ ಕುರಿ ಕೂಗಿ ಕೂಗಿ ಮನೆಯೊಳಗೆ ಹೇಗೆ ಮಾತಾಡಬೇಕೆಂಬುದನ್ನೇ ಮರೆತಿದ್ದ. ಕಟ್ಟೆಯ ಮೇಲೆ ಕೂತು, ಕೋಲನ್ನು ಮೊಣಕಾಲಿಗೆ ಆನಿಸಿ, ನೇರ ಮಾತಿಗೆ ಬಂದ.

‘ಈ ಸಲ ಆಳು ಸಿಗವಲ್ರು ತಮ್ಮಾ. ಹರೇದ ಹುಡುಗ್ರೆಲ್ಲ ಗಿರಣಿ ಅಂತ ಸೊಲ್ಲಾಪುರಕ್ಕ ಹೋಗ್ಯಾರ, ಪಲ್ಟನ್ ಅಂತ ಹೋಗ್ಯಾರ. ನೀ ಬರ್ಲಿಕ್ಕೇ ಬೇಕು. ಏಳು, ಇವತ್ತ ಐತವಾರ. ಶಹಾಪುರದಾಗ ಮಸ್ತಾನಬಿ ಒದೀತಾಳ.’

ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಮಾಡಿ ಬಂದವರ ಕಾಲಿಗೆ ಒಂದು ಗುಣ ಇರುತ್ತದೆ, ಹಿಡಿದ ಟೊಂಕಕ್ಕೆ ಅವರು ಒದ್ದರೆ ಬಿಡುತ್ತದೆ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಮಸ್ತಾನಬಿ ಹಾಗೆ ಕಾಲು ಮುಂದಾಗಿ ಹುಟ್ಟಿದವಳು. ಈ ಹಿಂದೆಯೂ ಅವಳ ಹೆಸರು ಬಂದದ್ದಿತ್ತು. ಬೀರಣ್ಣ ಹೆಂಗಸಿನ ಕಾಲಿಂದ ಒದೆ ತಿನ್ನುವಷ್ಟು ಗತಿಗೆಟ್ಟಿಲ್ಲ ಎಂದು ಮೀಸೆ ತಿರುವಿದ್ದ, ಅಣ್ಣ ಭೇಷ್ ಅಂದಿದ್ದ. ಇವತ್ತು ಅದೇ ಮಾತು ತೆಗೆಯಲು ಬಾಯಿ ತೆರೆದರೆ ಅಣ್ಣ ಅರ್ಧಕ್ಕೇ ತಡೆದ. ‘ಒದಿ ಯಾರದಾದ್ರೇನಲೇ, ಗುಣ ಆದ್ರ ಸಾಕು.’

ಬೀರಣ್ಣ ಬಾಗಿಲ ಕಡೆ ನೋಡಿದ. ಭಾವನೆದುರು ಬರದ ಮಲಕಮ್ಮ ಬಾಗಿಲ ಮರೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಬ್ಯಾಡ ಅನ್ನು ಮಾರಾಯ್ತಿ, ಮೊದಲಿನ ಹಾಗೆ ಜಗಳ ತೆಗಿ, ಟೊಂಕ ಮುರಿದೀತು ಅನ್ನು ಎಂದು ಕಣ್ಣಲ್ಲೇ ಅಂಗಲಾಚಿದ.

‘ಹೋಗಿ ಬರ್ಲಿ ಬಿಡ್ರಿ ಭಾವಾ’ ಅಂದಿತು ಬಾಗಿಲ ಮರೆ. ‘ಗುಣ ಆಗೂದಿದ್ರ ಆಗ್ಲಿ. ಎಷ್ಟಂತ ಮನ್ಯಾಗ ಕುಂದರ್ತಾರ.’

ಆ ಮಾತು ಮಸ್ತಾನಬಿಯ ಕಾಲಿಗಿಂತ ಮೊದಲು ಅವನನ್ನು ಒದ್ದಿತು. ಶಹಾಪುರದ ದಾರಿಯುದ್ದಕ್ಕೂ ಅದೇ ಕಿವಿಯಲ್ಲಿ. ಎಷ್ಟಂತ ಮನ್ಯಾಗ ಕುಂದರ್ತಾರ. ಅಣ್ಣ ಮುಂದೆ ಮುಂದೆ, ಅವನು ಕುಂಟುತ್ತ ಹಿಂದೆ ಹಿಂದೆ. ಬೆಳಗಿನ ಬಿಸಿಲು ಹಿತವಾಗಿತ್ತು, ಮೈ ಹಗುರಾಗಿತ್ತು, ಕಾಲಿಗೆ ಓಡುವ ಆಸೆಯಾಗುತ್ತಿತ್ತು. ಹಳ್ಳದ ಕಲ್ಲಿಂದ ಕಲ್ಲಿಗೆ ಹಾರುವಾಗ ಕುಂಟುವುದು ಮರೆತು ಹಾರಿಯೇಬಿಟ್ಟ, ಪುಣ್ಯಕ್ಕೆ ಅಣ್ಣ ನೋಡಲಿಲ್ಲ. ಎದುರಿಗೆ ಶಹಾಪುರದ ಗುಡ್ಡ, ಅಂಗಾತ ಮಲಗಿದ ಮನುಷ್ಯನ ಹಾಗೆ ಮೂಗು, ಎದೆ, ಹೊಟ್ಟೆ ಎಲ್ಲ ಎದ್ದು ಕಾಣುವ ಗುಡ್ಡ. ನೋಡು, ಅಷ್ಟು ದೊಡ್ಡವನೇ ಎದ್ದಿಲ್ಲ, ಯಾರಾದರೂ ಕುರಿ ಹೊಡೆದುಕೊಂಡು ಹೋಗು ಅಂತಾರಾ ಅವನಿಗೆ? ಅವನ ಹೆಂಡತಿ ಯಾರೋ ಏನೋ, ಎಷ್ಟಂತ ಮಲಗ್ತೀರಿ ಅಂದಿಲ್ಲ. ಹೊಟ್ಟೆಕಿಚ್ಚಾಯಿತು. ಒಂದು ಉಪಾಯ ಹೊಳೆಯಿತು ಆಗ. ಒದೆಸಿಕೊಳ್ಳುವುದು, ಎದ್ದು ಕೂತು, ಇಲ್ಲ, ಬಿಡಲಿಲ್ಲ ಎಂದು ಅಳುಮುಖ ಮಾಡುವುದು. ಮಸ್ತಾನಬಿಯ ಕಾಲಿಗೂ ಜಗ್ಗದ ನೋವು ಎಂದರೆ ಇನ್ನು ಯಾರೂ ಎದುರಾಡುವಂತಿಲ್ಲ. ಅವಳ ಹತ್ತಿರವೂ ಆಗ ಕೇಳಬಹುದು, ಬೇಸರ ಬಂತೇನು ನನ್ನ ಮೇಲೆ ಎಂದು. ಕೇಳಬಹುದೇ? ಅವಳು ಹೌದೆಂದರೆ?

ಮಸ್ತಾನಬಿಯದು ಮಂಡಾಳು ಹುರಿಯುವ ಮನೆ. ಅಂಗಳದಲ್ಲಿ ಆರಿದ ಭಟ್ಟಿ, ನಿನ್ನೆ ಹುರಿದ ಅಕ್ಕಿಯ ವಾಸನೆ. ಐತವಾರ ಭಟ್ಟಿಗೆ ರಜೆ, ಕಾಲಿಗೆ ಕೆಲಸ. ಬೇವಿನ ಮರದ ಕೆಳಗೆ ಚಾಪೆ ಹಾಸಿತ್ತು, ಕೊಂಬೆಯಿಂದ ಒಂದು ಹಗ್ಗ ಇಳಿಬಿಟ್ಟಿತ್ತು. ಒದೆಯುವಾಗ ಜೋಲಿ ತಪ್ಪದಂತೆ ಮುದುಕಿ ಮಸ್ತಾನಬಿ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ಬಂದವರು ಸೊಟ್ಟಸೊಟ್ಟಗೆ ಕೂತಿದ್ದರು. ಇವರು ಹೋದಾಗ ಚಾಪೆಯ ಮೇಲೆ ಬೋರಲು ಬಿದ್ದಿದ್ದವನು ಬೇರೆ ಯಾರೂ ಅಲ್ಲ, ಆ ಹೋಬಳಿಯ ಗಿರದಾವರ ಸಾಹೇಬ. ಹೊಲದ ಅಳತೆಗೆ ಬಂದರೆ ಊರಿಗೆ ಊರೇ ಎದ್ದು ನಿಲ್ಲಬೇಕಾದ ಮನುಷ್ಯ. ಅವನ ಶೇರವಾನಿ ಮೇಲಕ್ಕೆ ಸರಿದಿತ್ತು, ಕೆಂಪು ತುರ್ಕಿ ಟೋಪಿಯನ್ನು ಧೂಳು ತಾಕದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದ.

‘ಆಹಿಸ್ತಾ, ಬೀ, ಆಹಿಸ್ತಾ’ ಎಂದು ಮೆಲ್ಲಗೆ ಒದೆಯಲು ಬೇಡಿಕೊಳ್ಳುತ್ತಿದ್ದ.

‘ಸರಕಾರಕ್ಕೊಂದು ಕಾಲು, ರೈತರಿಗೊಂದು ಕಾಲು ಎಲ್ಲಿಂದ ತರ್ಲಿ ಸಾಬ್’ ಅಂದಳು ಮುದುಕಿ, ‘ಇರೂದು ಇದೊಂದ.’ ಮತ್ತೆ ಹಗ್ಗ ಹಿಡಿದು ಎಡಗಾಲಿಂದ ಧಪ್ಪೆಂದು ಒದ್ದಳು. ಕೂತವರೆಲ್ಲ ಒಮ್ಮೆಲೇ ಬೇವಿನ ಮರದಲ್ಲಿ ಹಕ್ಕಿ ಹುಡುಕತೊಡಗಿದರು. ಗಿರದಾವರ ಕೆಂಪಾಗಿ ಎದ್ದು, ಟೋಪಿ ಇಟ್ಟುಕೊಂಡು, ನಕ್ಕವರ ಹೆಸರು ಕೇಳಲು ಬಾಯಿ ತೆರೆದ. ಮುದುಕಿ ತುಟಿಯ ಮೇಲೆ ಬೆರಳಿಟ್ಟಳು. ‘ಚುಪ್! ಒದಿಸ್ಕೊಂಡವರು ತಮ್ಮ ಮನಿ ಹೊಸ್ತಿಲಾ ಮುಟ್ಟೂತನಕ ಮಾತಾಡಬಾರದು. ಮಾತಾಡಿದ್ರ ಬ್ಯಾನಿ ತಿರುಗಿ ಬರ್ತದ.’ ಸಾಹೇಬ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕುದುರೆ ಹತ್ತಿದ. ಬೀರಣ್ಣನಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಹೋಗಿ ಮಲಕಿಗೆ ಹೇಳಬೇಕು ಎಂದು ತಟ್ಟನೆ ಅನ್ನಿಸಿತು. ಅನ್ನಿಸಿದ್ದೇ ತಡ, ನಾಡಿದ್ದಿನಿಂದ ತಾನು ಅವಳ ಹತ್ತಿರ ಇರುವುದಿಲ್ಲವೇನೋ ಎಂಬುದು ನೆನಪಾಗಿ ನಗು ಅಲ್ಲೇ ಸತ್ತಿತು. ಕಂಡದ್ದನ್ನೆಲ್ಲ ಹೇಳಲು ಒಬ್ಬರು ಬೇಕು ಎಂಬ ಚಟವೂ ಈ ಟೊಂಕದಿಂದಲೇ ಹತ್ತಿದ್ದು.

‘ಎಲ್ಲಿ ನೋಯ್ತದ ಬೇಟಾ?’ ಎಂದಳು ಮುದುಕಿ, ಅವನು ಬೋರಲು ಬಿದ್ದ ಮೇಲೆ. ಅವನು ಅಂದಾಜಿಗೆ ಕೈ ಇಟ್ಟು ತೋರಿಸಿದ. ಮೊದಲ ಒದೆ ಬಿತ್ತು. ಮಂಡಾಳು ಭಟ್ಟಿಯ ಮುಂದೆ ಜನ್ಮವಿಡೀ ನಿಂತ ಕಾಲು, ಕೊರಡಿನ ಹಾಗಿತ್ತು, ಆದರೂ ಏನಾಗಲಿಲ್ಲ. ಎರಡನೆಯದು ಬಿತ್ತು, ಹಿತವೇ ಅನ್ನಿಸಿತು. ಅಳುಮುಖವನ್ನು ಸಿದ್ಧಮಾಡಿಕೊಳ್ಳುತ್ತ ಮೈ ಸಡಿಲ ಬಿಟ್ಟ. ಮೂರನೆಯದಕ್ಕೆ ಒಳಗೆಲ್ಲೋ ಕಳಕ್ ಅಂದಿತು. ಹೊಳೆಯ ನಡುನೀರಿನಲ್ಲಿ ಅಂದದ್ದೇ ಕಳಕ್, ಅದೇ ಜಾಗ, ಕಾಲಿನ ಹಿಂಬದಿಯಿಂದ ಹಿಮ್ಮಡಿಯವರೆಗೆ ಅದೇ ಕಾದ ತಂತಿ. ಕಣ್ಣಲ್ಲಿ ನೀರು ಬಂತು. ಅಯ್ಯೋ ಬಂದೆಯಾ ಮಾರಾಯ! ಎಂದಿತು ಮನಸ್ಸು, ನೋವಿಗೂ ಮೊದಲು ಸಮಾಧಾನವೇ ಆಯಿತು. ಇನ್ನು ಸುಳ್ಳು ಹೇಳಬೇಕಾಗಿಲ್ಲ. ನೋವಿಲ್ಲದ ಟೊಂಕಕ್ಕೆ ಒದೆಸಿಕೊಂಡ ತಪ್ಪಿಗೆ ದೇವರು ನೋವನ್ನೇ ಕೊಟ್ಟು ಸರಿಮಾಡಿದ. ಅಣ್ಣಾ, ಬಿಡಲಿಲ್ಲ ಅನ್ನಲು ತಲೆ ಎತ್ತಿದರೆ ಮುದುಕಿಯ ಬೆರಳು ತುಟಿಯ ಮೇಲಿತ್ತು.

‘ಚುಪ್!’

ಬಾಗಿದರೆ ಜೀವ ಹೋಗುತ್ತಿತ್ತು. ಹಾಗಾಗಿ ಅವನು ಕೋಲು ನೆಟ್ಟ ಹಾಗೆ ಸೆಟೆದು ಎದ್ದು ನಿಂತ. ಇಷ್ಟು ವರ್ಷ ಕುಂಟಿ ಬಾಗಿ ನಡೆದ ತಮ್ಮ ಹಾಗೆ ನಿಂತದ್ದನ್ನು ಕಂಡು ಬಸವಂತರಾಯ ಎರಡೂ ಕೈ ಮೇಲೆತ್ತಿ ಕೂಗಿದ: ‘ನೋಡ್ರಿ, ನೋಡ್ರಿ, ಹ್ಯಾಂಗ ನೆಟ್ಟಗ ನಿಂತಾನ ನನ್ನ ತಮ್ಮ! ಕಣ್ಣಾಗ ನೀರು ಬಂದಾವ ಖುಷೀಲೆ!’

ಊರಿನ ದಾರಿ ಇಷ್ಟು ಉದ್ದವೆಂದು ಬೀರಣ್ಣನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಮಾತಾಡಿಬಿಡಲೇ ಅನ್ನಿಸುತ್ತಿತ್ತು. ಮಾತಾಡಿದರೆ ಅಣ್ಣ, ನೋಡು, ಮಾತಾಡಿದಿ, ಅದಕ್ಕೇ ತಿರುಗಿ ಬಂತು ಎಂದು ಮತ್ತೆ ಎಳೆದುಕೊಂಡು ಹೋಗಿ ಒದೆಸುತ್ತಾನೆ. ಆಡದಿದ್ದರೆ ಗುಣವಾಯಿತೆಂದು ಊರಿಗೇ ಸಾರುತ್ತಾನೆ. ಸಾರಿಯೂ ಬಿಟ್ಟ. ಎದುರಿಗೆ ಗಾಡಿ ಹೊಡೆದುಕೊಂಡು ಬಂದ ಅವರೂರಿನ ಯಂಕಣ್ಣನಿಗೆ ಹೇಳಿದ, ಹಳ್ಳದಲ್ಲಿ ಸೀರೆ ಒಗೆಯುತ್ತಿದ್ದ ಹೆಂಗಸರಿಗೆ ಹೇಳಿದ, ಕೇಳುವವರಿಲ್ಲದಾಗ ಹೊಲದ ಬೆದರುಬೊಂಬೆಗೂ ಹೇಳಿಯಾನು ಅನ್ನುವಷ್ಟು ಉಮೇದಿನಲ್ಲಿದ್ದ. ಬೀರಣ್ಣ ಹಲ್ಲು ಕಚ್ಚಿ, ಬಗ್ಗಲಾರದೆ ಸರದಾರನ ಹಾಗೆ ಎದೆಯುಬ್ಬಿಸಿ ನಡೆದ. ಇಷ್ಟು ವರ್ಷ ಖರೇ ನೋವನ್ನು ಜನ ನಂಬಲೆಂದು ಚೂರು ಹೆಚ್ಚು ಕುಂಟುತ್ತಿದ್ದವನಿಗೆ ಕುಂಟಲೂ ಆಗದ ನೋವು ಬಂದ ದಿನ ಎಲ್ಲರೂ ಶಹಬ್ಬಾಸ್ ಅನ್ನುತ್ತಿದ್ದರು.

ಅಣ್ಣ ಮಾತು ನಿಲ್ಲಿಸಲಿಲ್ಲ. ಎದುರಾಡದ ತಮ್ಮ ಸಿಕ್ಕಿದ್ದು ಅವನಿಗೂ ಅಪರೂಪ. ಹುಲ್ಲಿನ ಮಾತು, ತೋಳದ ಮಾತು, ಹೊಳೆಯಲ್ಲಿ ಈ ಸಲ ಎಲ್ಲಿ ಇಳಿಯುವುದೆಂಬ ಮಾತು ಮುಗಿದ ಮೇಲೆ, ದನಿ ಇದ್ದಕ್ಕಿದ್ದಂತೆ ಮನೆಯೊಳಗಿನ ದನಿಯಾಯಿತು.

‘ನೀ ಇಲ್ಲದ ನನಗ ಹೊಳ್ಯಾಚಿ ಬ್ಯಾಸರ ಆಗ್ತದಲೇ ತಮ್ಮಾ. ಆಳುಗೋಳ ಕೂಡ ಏನ ಮಾತಾಡ್ಲಿ? ನೀ ಇದ್ರ ಜಗಳಾನರ ಆಡ್ತಿದ್ವಿ.’

ಚಳಿಗೆ ಒಂದೇ ಕಂಬಳಿಯಲ್ಲಿ ಇಬ್ಬರೂ, ತಮ್ಮನ ಕಡೆ ಹೆಚ್ಚು ಸರಿಸಿ ತಾನು ಬೆನ್ನು ಹೊರಗಿಟ್ಟು ಮಲಗುತ್ತಿದ್ದ ಅಣ್ಣ. ಬೀರಣ್ಣನಿಗೆ ಹೊಳೆಯಾಚೆಯ ಆ ರಾತ್ರಿಗಳು ನೆನಪಾದವು. ನನ್ನನ್ನು ಕಂಡರೆ ಈ ಮನುಷ್ಯನಿಗೆ ಇಷ್ಟು ಆಸೆ; ನಾನು ಇವನಿಗೆ ವರ್ಷ ವರ್ಷವೂ ಟೊಂಕ ತೋರಿಸಿದೆ. ನೋವು ಸುಳ್ಳಾಗಿರಲಿಲ್ಲ, ನಿಜ. ಆದರೆ ನೋವಿಲ್ಲದ ದಿನಗಳೂ ನಡುನಡುವೆ ಇದ್ದವು, ಅವನ್ನು ಯಾರಿಗೂ ತೋರಿಸಲಿಲ್ಲ. ಮನೆಯಲ್ಲಿ ಅವಳೊಬ್ಬಳು, ಬಯಲಲ್ಲಿ ಇವನೊಬ್ಬ, ನಡುವೆ ಈ ಹಾಳು ಟೊಂಕ ಪಂಚಾಯತಿ ಮಾಡುತ್ತ ಕೂತಿದೆ. ನಾಚಿಕೆಯಾಯಿತು ಅವನಿಗೆ, ನೋವಿಗಿಂತ ಹೆಚ್ಚು.

ಮನೆಯ ಹೊಸ್ತಿಲು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅಣ್ಣ ಅಂಗಳದಿಂದಲೇ ಬಾಗಿಲಿಗೆ ಕೂಗಿ ಹೇಳಿದ: ‘ನಿನ್ನ ಗಂಡನ ಟೊಂಕ ಬಿಡ್ತವಾ! ನಾಡದ ಹೊಂಡತಾನ. ಬುತ್ತಿ ಕಟ್ಟು!’ ಬೀರಣ್ಣ ಗಿಡ್ಡ ಬಾಗಿಲಲ್ಲಿ ಬಾಗಲಾರದೆ ಮೊಣಕಾಲು ಮಡಚಿ, ಕೂತಂತೆ ನಿಂತಂತೆ ಹೇಗೋ ನುಸುಳಿ ಒಳಗೆ ಹೋದ. ಮಲಕಮ್ಮ ಒಲೆಯ ಮುಂದಿದ್ದಳು. ದಾರಿಬುತ್ತಿಯ ಕಡಕ್ ರೊಟ್ಟಿ ಆಗಲೇ ಬುಟ್ಟಿ ತುಂಬಿತ್ತು. ಅವನು ಹೋದಾಗಿನಿಂದ ಬಡಿಯುತ್ತಲೇ ಇದ್ದಳೇನೋ. ಮುಖ ಒಲೆಯ ಝಳಕ್ಕೆ ಕೆಂಪಾಗಿತ್ತೋ ಬೇರೆ ಯಾವುದಕ್ಕೋ.

‘ಬಿಡ್ಲಿಲ್ಲ ಮಲಕಿ’ ಎಂದ ಪಿಸುದನಿಯಲ್ಲಿ. ಇಡೀ ದಾರಿ ತಡೆದಿಟ್ಟ ಮೊದಲ ಮಾತು. ‘ಆಕಿ ಒದ್ದು ಹೆಚ್ಚಾಗೇದ. ಜೀಂವಾ ಹೋಗಾಕತ್ತದ ನಂದು.’

ಅವಳು ತಿರುಗಲಿಲ್ಲ. ‘ಮುಂಜಾನಿ ನಿಮಗ ನೋವು ಇರಲೇ ಇಲ್ಲ’ ಅಂದಳು.

ಅವನು ಗೋಡೆ ಹಿಡಿದ, ಈ ಸಲ ನಿಜವಾಗಿ.

‘ನಿದ್ದ್ಯಾಗ ಎರಡೂ ಮಗ್ಗಲಾ ಹೊಳ್ಳಿ ಮಲಗಿದ್ರಿ. ನಾ ಎದ್ದು ಕುಂತು ನೋಡಾಕತ್ತಿದ್ದೆ. ಇವತ್ತ ಬಿಟ್ಟದ ಅಂತ ನಿಮಗಿಂತ ಮೊದಲ ನನಗ ಗೊತ್ತಾತು. ಎದ್ದ ಕೂಡ್ಲೆ ಹೇಳ್ತೀರಿ ಅಂತ ಕಾದೆ. ನೀವು ನರಳಿದ್ರಿ. ಅದೂ ಬಲಕ್ಕ ಕೈ ಇಟ್ಟು. ನಿಮ್ಮ ಬ್ಯಾನಿ ಎಡಕ್ಕಲ್ಲೇನ್ರಿ?’

ಬೀರಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಡಕ್ಕೆ! ಇಷ್ಟು ವರ್ಷ ಎಡಕ್ಕೆ ನೋಯಿಸಿಕೊಂಡವನು!

‘ಗೊತ್ತಿದ್ದೂ ಯಾಕ ಕೇಳಲಿಲ್ಲ ನೀ?’

‘ಕೇಳಿ ಏನ ಮಾಡ್ಲಿ? ಟೊಂಕ ನೆಟ್ಟಗಾದ ಗಂಡಸು ಮನ್ಯಾಗ ಇರ್ತಾನೇನು? ಹೊಳಿ ಕರೀತದ, ಅಣ್ಣ ಕರೀತಾನ. ಹೋಗ್ತೀನಿ ಅಂತ ನನಗ ಹ್ಯಾಂಗ ಹೇಳೂದು ಅಂತ ನಾಟಕ ಮಾಡಾಕತ್ತಾರ ಅಂದ್ಕೊಂಡೆ. ಹೋಗೂದಿದ್ರ ಹೋಗ್ಲಿ, ನನ್ನ ಸಲುವಾಗಿ ಯಾಕ ನರಳಬೇಕು ಅಂತ ಬಾಗಲದಾಗ ನಿಂತು ಹೇಳಿದೆ.’ ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಅವಳು ತಿರುವಲಿಲ್ಲ. ‘ಹೋದ ವರ್ಷ ನಿಮಗ ಬ್ಯಾನಿ ಕಡಿಮಿ ಆದಾಗ ಎಣ್ಣಿ ತಿಕ್ಕೂದ ಬಿಟ್ಟು ಬಿಡಬೇಕು ಅನ್ಸಿತ್ತು ನನಗ. ಗುಣ ಆಗಬಾರದು ಅಂತ. ಎಂಥಾ ಹೆಂಗಸು ನಾನು, ನೋಡ್ರಿ.’

ಅವಳು ಅಳುತ್ತಿದ್ದಳು. ಬೀರಣ್ಣ ಅವಳ ಪಕ್ಕ ಕೂರಬೇಕೆಂದು ಬಾಗಲು ನೋಡಿದ, ಟೊಂಕ ಬಿಡಲಿಲ್ಲ. ಮೇಲಿಂದಲೇ ನಿಂತು ಅವಳ ನೆತ್ತಿ ನೋಡಿದ, ಬೈತಲೆಯ ನರೆ ನೋಡಿದ. ಇಬ್ಬರೂ ಒಂದೇ ನೋವನ್ನು ಎರಡೂ ಕಡೆಯಿಂದ ಹಿಡಿದುಕೊಂಡು ಕೂತಿದ್ದೆವಲ್ಲ, ಬಿಟ್ಟರೆ ಇನ್ನೊಬ್ಬರು ಬಿದ್ದಾರೆಂದು. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಹೊರಗೆ ಅಣ್ಣ ಕೂಗಿದ, ‘ಏನಲೇ, ಗಂಟು ಕಟ್ಟಿದಿ ಇಲ್ಲೋ?’

ಈಗ ಹೋಗಿ ನೋವು ತಿರುಗಿ ಬಂತೆಂದರೆ ಸಾಕು. ನಿಜವೇ ಅದು, ದೇವರ ಮುಂದೆ ಬೇಕಾದರೂ ಆಣೆ ಮಾಡಬಹುದಾದ ನಿಜ. ಅಣ್ಣ ಅಯ್ಯೋ ಅಂದು ಹೋಗುತ್ತಾನೆ, ಅವನು ಉಳಿಯುತ್ತಾನೆ. ಆದರೆ ಉಳಿದದ್ದು ಟೊಂಕವೋ ಬೀರಣ್ಣನೋ? ಅವಳು ಸಾಯುವತನಕ ಅದನ್ನೇ ಕೇಳಿಕೊಳ್ಳುತ್ತ ಎಣ್ಣೆ ತಿಕ್ಕುತ್ತಾಳೆ. ಅವನು ಮತ್ತೆ ಆ ಗಿಡ್ಡ ಬಾಗಿಲಲ್ಲಿ ನುಸುಳಿದ. ಚೌಕಟ್ಟು ಹಿಡಿದು, ಬೆವರಿಳಿಯುತ್ತಿದ್ದರೂ ನೆಟ್ಟಗೆ ನಿಂತ.

‘ಟೊಂಕ ಛಲೋ ಆಗೇದಣ್ಣಾ’ ಅಂದ. ‘ಕುರಿ ಹೆಗಲ ಮ್ಯಾಲ ಹೊತ್ಕೊಂಡು ಹೊಳಿ ದಾಟಬಹುದು. ಆದ್ರೂ ನಾ ಬರೂದಿಲ್ಲ.’

‘ಏನಂದಿ?’

‘ಮಲಕಿನ್ನ ಬಿಟ್ಟು ಇರಾಕ ಆಗೂದಿಲ್ಲ ನನಗ. ನನ್ನ ಪಾಲಿನ ಕುರಿ ನೀನ ಇಟ್ಕೋ. ನಾ ಕಂಬಳಿ ನೇಯ್ಕೊಂಡು ಇರ್ತೀನಿ.’

ಆ ಮಾತು ಅಂಗಳದಲ್ಲಿ ಬಿದ್ದಿತು. ಪಕ್ಕದ ಮನೆಯ ಕಟ್ಟೆಯಲ್ಲಿ ಮಾತಾಡುತ್ತಿದ್ದವರು ಇತ್ತ ತಿರುಗಿ ಕೂತರು. ಬಸವಂತರಾಯ ಒಂದು ಹೆಜ್ಜೆ ಹತ್ತಿರ ಬಂದ. ತಮ್ಮನ ಮುಖವನ್ನು, ಹುಚ್ಚು ಹಿಡಿದ ಟಗರನ್ನು ನೋಡುವಂತೆ ನೋಡಿದ. ಸಿಟ್ಟು ಬಂತು, ಅದನ್ನು ಮೀರಿ ಮತ್ತೇನೋ ಬಂತು.

‘ನಾಚಿಗಿ ಇಲ್ಲೇನಲೇ ನಿನಗ? ನನಗೇನು ಹೇಣ್ತಿ ಇಲ್ಲೇನು? ನಾ ಅಂದೀನೇನು ಯಾವತ್ತರ ಇಂಥಾ ಮಾತು?’ ಎಂದ. ಎಂದವನು ಯಾಕೋ ಅಲ್ಲಿಗೇ ನಿಂತ. ತಾನು ಯಾವತ್ತೂ ಅಂದಿಲ್ಲವೆಂಬುದು ತನ್ನ ಕಿವಿಗೇ ಬಿದ್ದವನ ಹಾಗೆ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡ. ‘ಕುರಿ ಇಟ್ಕೋ ಅಂತಾನ, ಕುರಿ. ನಿನ್ನ ಕುರಿ ಯಾರಿಗೆ ಬೇಕಾಗ್ಯಾವ’ ಎಂದು ಗೊಣಗುತ್ತ ಅಂಗಳ ದಾಟಿದ.

ಬೀರಣ್ಣ ಚೌಕಟ್ಟು ಬಿಡಲಿಲ್ಲ. ಬಿಟ್ಟರೆ ಬೀಳುತ್ತಿದ್ದ. ಬೆನ್ನ ಹಿಂದೆ ಒಂದು ಸಪ್ಪಳ ಕೇಳಿಸಿತು, ಅಳುವೆಂದುಕೊಂಡ. ಅಳುವಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಕಮ್ಮ ನಗುತ್ತಿದ್ದಳು, ಕೆನ್ನೆಯ ನೀರು ಇನ್ನೂ ಆರದೆ.

‘ಕುರಿ ಹೊತ್ಕೊಂಡು ಹೊಳಿ ದಾಟ್ತೀರಿ?’ ಅಂದಳು. ‘ನೀವು? ಹೊಸ್ತಿಲಾ ದಾಟ್ರಿ ಮೊದಲ.’

ಅವನಿಗೂ ನಗು ಬಂತು. ಬಂದದ್ದೇ ಕಾದ ತಂತಿ ಹಿಮ್ಮಡಿಯವರೆಗೆ ಇಳಿಯಿತು. ‘ನಗಸಬ್ಯಾಡ ಮಾರಾಯ್ತಿ, ನಿನ್ನ ಕಾಲ ಬೀಳ್ತೀನಿ, ನೋಯ್ತದ’ ಎಂದ. ಬೀಳ್ರಿ ನೋಡೂಣು, ಅದಕ್ಕೂ ಬಾಗಬೇಕಲ್ರಿ ಎಂದು ಅವಳು ಇನ್ನೂ ಜೋರಾಗಿ ನಕ್ಕಳು. ಸೆರಗು ತಲೆಯಿಂದ ಜಾರಿ ಹೆಗಲಿಗೆ ಬಿತ್ತು. ಬೀದಿಯ ತಿರುವಿನಲ್ಲಿ ಬಸವಂತರಾಯ ನಿಂತು ಇತ್ತ ನೋಡುತ್ತಿದ್ದ. ಅವಳು ಅದನ್ನು ಕಂಡಳು, ಸೆರಗು ಎಳೆದುಕೊಳ್ಳಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.